ಹಾಡಿನ ಹಾಳೆಯ ಕೊಳೆ ಕಾಯುವ ಅರ್ಡಿತ್

ಬೆಳಗಿನ ಐದೂವರೆ. ಇಂಡಿಯಾನಾದ ಕಾರ್ವರ್ಸ್‌ಬರ್ಗ್ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಅರ್ಡಿತ್ ಪ್ರೂಯಿಟ್ ಸಣ್ಣ ಕರೆಂಟ್ ಒಲೆಯ ಮೇಲೆ ಗಂಜಿ ಕಾಯಿಸುತ್ತಿದ್ದಾರೆ. ಕುಡಿಯುವುದಕ್ಕಲ್ಲ, ಅಂಟಿಸುವುದಕ್ಕೆ. ಗೋದಿಹಿಟ್ಟಿನಿಂದ ತೆಗೆದ ಪಿಷ್ಟ, ನೀರು, ಮರದ ಸೌಟು, ಇಷ್ಟೇ. ಇಪ್ಪತ್ತು ನಿಮಿಷ ಕೈ ಬಿಡದೆ ತಿರುವಬೇಕು. ಗಂಟು ಕಟ್ಟಿತೋ, ಚೆಲ್ಲಿ ಮತ್ತೆ ಮೊದಲಿಂದ ಶುರು. ಎಂಟು ಗಂಟೆಗೆ ಮೇಲೆ ಬಾಗಿಲು ತೆರೆಯುವಷ್ಟರಲ್ಲಿ ಅಂಟು ಆರಿ, ಜರಡಿಯಲ್ಲಿ ಇಳಿದು, ಗಟ್ಟಿ ಮೊಸರಿನ ಹದಕ್ಕೆ ಬಂದಿರಬೇಕು.

"ನಮ್ಮನೇಲಿ ಬೆಳಗಿನ ಓಟ್ಸ್ ಗಂಜಿ ಮಾಡೋದು ಡೇಲ್. ನಾನು ಮಾಡಿದ್ರೆ ಗೋಡೆಗೆ ಪೋಸ್ಟರ್ ಅಂಟಿಸ್ಬಹುದು ಅಂತಾನೆ," ಎಂದು ನಗುತ್ತಾರೆ ಅರ್ಡಿತ್. ಡೇಲ್ ಅವರ ಗಂಡ, ಶಾಲೆಯ ಬಸ್ಸು ಓಡಿಸುತ್ತಾರೆ.

ಅರ್ಡಿತ್‌ಗೆ ಈಗ ಅರವತ್ತಾರು ವರ್ಷ. ಕೆಲಸ ಹರಿದ ಹಾಡಿನ ಹಾಳೆಗಳನ್ನು ಸರಿಮಾಡುವುದು. ರೇಡಿಯೋ ಮನೆಗೆ ಬರುವ ಮುಂಚೆ ಇಲ್ಲಿನ ಜನ ಹಾಡನ್ನು ಕಾಗದದಲ್ಲಿ ಕೊಳ್ಳುತ್ತಿದ್ದರು. ಎಲ್ಲವೂ ಹತ್ತು ಸೆಂಟಿಗೆ ಸಿಗುವ ಅಂಗಡಿಯ ಮೂಲೆಯಲ್ಲಿ ಪಿಯಾನೋ ಮುಂದೆ ಒಬ್ಬಳು ಹುಡುಗಿ ಕೂತಿರುತ್ತಿದ್ದಳು. ಬೇಕಾದ ಹಾಳೆ ತೋರಿಸಿದರೆ ಬಾರಿಸಿ ಕೇಳಿಸುತ್ತಿದ್ದಳು. ಹಿಡಿಸಿದರೆ ಮನೆಗೆ ಒಯ್ದು, ಊಟವಾದ ಮೇಲೆ ಮನೆಮಂದಿಯೆಲ್ಲ ಪಿಯಾನೋ ಸುತ್ತ ನಿಂತು ಹಾಡುವುದು. ಬಣ್ಣದ ಮುಖಪುಟ, ಒಳಗೆ ಸ್ವರ ಮತ್ತು ಸಾಹಿತ್ಯ, ನಡುವೆ ಒಂದು ಬಿಡಿ ಹಾಳೆ. ಈ ನೆಲಮಾಳಿಗೆಯಲ್ಲಿ ಮೊದಲ ಮಹಾಯುದ್ಧದ ಕಾಲದ ಅಂಥ ಹಾಡುಗಳ ಒಂಬತ್ತು ಸಾವಿರದ ನಾನೂರು ಪ್ರತಿಗಳಿವೆ. ಎಲ್ಲವೂ ಈ ಊರಿನ, ಸುತ್ತಲ ಹಳ್ಳಿಗಳ ಮನೆಗಳಿಂದ ಬಂದವು.

ತಮಾಷೆಯೆಂದರೆ, ಅರ್ಡಿತ್‌ಗೆ ಸ್ವರ ಓದಲು ಬರುವುದಿಲ್ಲ. "ಒಂದಕ್ಷರಾನೂ ಬರಲ್ಲ ರೀ. ಅದೆಲ್ಲ ನಂಗೆ ತಂತಿ ಮೇಲೆ ಕೂತ ಕಾಗೆ ತರ ಕಾಣತ್ತೆ. ನಾನು ಓದೋದು ದಾರ, ಅಂಟು, ಕೊಳೆ."

ದಾರದ ವಿಷಯಕ್ಕೆ ಅವರು ಪಂಡಿತೆಯೇ. ಹತ್ತೊಂಬತ್ತು ವರ್ಷ ಕಾರಿನ ಸೀಟಿನ ಕವರ್ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿತು. ಎರಡು ವರ್ಷ ಈ ಗ್ರಂಥಾಲಯದ ನೆಲ ಒರೆಸಿದರು. ಒಂದು ದಿನ ಕಸದ ಪಕ್ಕದಲ್ಲಿದ್ದ ಬೆನ್ನು ಹರಿದ ಪುಸ್ತಕವನ್ನು ಯಾರೂ ಹೇಳದೆಯೇ ಹೊಲಿದಿಟ್ಟರು. ಆಗಿನ ಮುಖ್ಯಸ್ಥರು ನೋಡಿ ಪೊರಕೆ ಕಿತ್ತುಕೊಂಡು ಸೂಜಿ ಕೊಟ್ಟರು. ಅದಾಗಿ ಹದಿನಾಲ್ಕು ವರ್ಷ. ದಿನಕ್ಕೆ ಹದಿನೆಂಟು ಹಾಳೆ, ಬೆರಳು ಸೆಟೆದುಕೊಳ್ಳುವ ಚಳಿಗಾಲದಲ್ಲಿ ಹನ್ನೆರಡು. ಬಲಗೈಯ ಎರಡು ಬೆರಳು ಈಗ ಪೂರ್ತಿ ಮಡಚುವುದಿಲ್ಲ.

ಹಾಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಬಿಡಿ ಹಾಳೆ ಬಿದ್ದುಹೋಗದಂತೆ ಹಿಂದಿನ ಗೃಹಿಣಿ ಯಾರೋ ಹೊಲಿಗೆ ಯಂತ್ರದಲ್ಲಿ ಬೆನ್ನಿಗೆ ಒಂದು ಸಾಲು ಹೊಲಿಗೆ ಹಾಕಿದ್ದಾಳೆ. "ಇದು ಹಿಟ್ಟಿನ ಚೀಲ ಬಿಚ್ಚಿದ ದಾರ ನೋಡಿ. ಚೀಲದಲ್ಲಿ ಲಂಗ ಹೊಲಿದ್ಲು, ಉಳಿದ ದಾರದಲ್ಲಿ ಹಾಡು ಹೊಲಿದ್ಲು. ಜಾಣೆ! ಇದನ್ನ ನಾನು ಬಿಚ್ಚಲ್ಲ."

ಪೆಟ್ಟಿಗೆಗಳನ್ನು ವರ್ಷವಾರು ತೆಗೆದರೆ ಇಡೀ ದೇಶದ ಮನಸ್ಸು ಹೊರಳಿದ್ದು ಕಾಣುತ್ತದೆ. ಯುದ್ಧಕ್ಕೆ ಇಳಿಯುವ ಮುಂಚಿನ ಒಂದು ಹಾಡಿನ ಮುಖಪುಟದಲ್ಲಿ ನರೆಗೂದಲ ತಾಯಿ ಮಗನನ್ನು ಅಪ್ಪಿಕೊಂಡು, ಕಳಿಸುವುದಿಲ್ಲ ಎನ್ನುತ್ತಿದ್ದಾಳೆ. ಎರಡೇ ವರ್ಷದಲ್ಲಿ ಅದೇ ಪ್ರಕಾಶಕರ ಇನ್ನೊಂದು ಹಾಡು. ಅದೇ ತಾಯಿ, ಅದೇ ಚಿತ್ರ. ಮಗ ಇಲ್ಲ, ಅವನ ಜಾಗದಲ್ಲಿ ಕೈಗೊಂದು ಬಾವುಟ. "ಹೊಸ ಚಿತ್ರ ಬರೆಸೋಕೂ ಪುರುಸೊತ್ತಿರ್ಲಿಲ್ಲ ನೋಡಿ ಅವರಿಗೆ," ಎನ್ನುತ್ತಾರೆ ಅರ್ಡಿತ್. ಯುದ್ಧದ ಕೊನೆಯ ವರ್ಷಕ್ಕೆ ಬಂದರೆ ಹಾಳೆಗಳೇ ಚಿಕ್ಕದಾಗಿವೆ, ಕಾಗದ ಉಳಿಸುತ್ತಿದ್ದೇವೆ ಎಂದು ಅಂಚಿನಲ್ಲಿ ಅಚ್ಚಾಗಿದೆ. ಹೊಸ ಹಾಳೆಯ ಅಳತೆಗೆ ಹೊಂದಲಿ ಎಂದು ಮನೆಗಳಲ್ಲಿ ಹಳೆಯ ದೊಡ್ಡ ಹಾಳೆಗಳನ್ನೂ ಕತ್ತರಿಸಿದ್ದಾರೆ. ಮುಖಪುಟದ ಎಷ್ಟೋ ಸೈನಿಕರ ಟೋಪಿ ಕತ್ತರಿಗೆ ಹಾರಿಹೋಗಿದೆ.

ಕಪ್ಪು ಸೈನಿಕರನ್ನು ಆಡಿಕೊಂಡು ಬರೆದ ಅಸಹ್ಯದ ಮುಖಪುಟಗಳೂ ಒಂದು ಪೆಟ್ಟಿಗೆಯಷ್ಟಿವೆ. ಅವಕ್ಕೂ ಅದೇ ಅಂಟು, ಅದೇ ಜೋಪಾನ. "ಇವನ್ನಂತೂ ಇನ್ನೂ ಗಟ್ಟಿಯಾಗಿ ಅಂಟಿಸ್ತೀನಿ. ಹರಿದುಹೋದ್ರೆ ನಾಳೆ ಯಾರೋ ಬಂದು ಹಂಗೆಲ್ಲ ಇರ್ಲೇ ಇಲ್ಲ ಅಂತಾರೆ."

ಈ ಫೆಬ್ರವರಿಯಲ್ಲಿ ಅರ್ಡಿತ್ ಮೇಜಿನ ಮೇಲೆ ಒಂದು ಪುಟದ ಸುತ್ತೋಲೆ ಬಂತು. ನೆಲಮಾಳಿಗೆಯ ಅರ್ಧ ಭಾಗಕ್ಕೆ ಹೊಸ ಬಾಯ್ಲರ್ ಬರಲಿದೆ, ಜಾಗ ಖಾಲಿಯಾಗಬೇಕು. ಪ್ರತಿ ಹಾಡಿಗೆ ಒಂದೇ ಒಂದು ಪ್ರತಿ, ಇರುವುದರಲ್ಲಿ ಅತ್ಯಂತ ಚೊಕ್ಕವಾದದ್ದು ಉಳಿಯಬೇಕು. ಮಿಕ್ಕ ಆರು ಸಾವಿರಕ್ಕೂ ಹೆಚ್ಚು ಪ್ರತಿ ಮಾರ್ಚ್ ಇಪ್ಪತ್ತೆಂಟರಂದು ರದ್ದಿ ಲಾರಿಗೆ. ಆರಿಸುವ ಕೆಲಸ ಅರ್ಡಿತ್‌ದೇ.

"ಚೊಕ್ಕವಾದದ್ದು ಅಂದ್ರೆ ಯಾವ್ದು ಅಂತ ನಂಗೊಬ್ಳಿಗೇ ಗೊತ್ತಿತ್ತು."

ಅದಕ್ಕೆ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅರ್ಡಿತ್‌ಗೆ ಹೇಳಿಕೊಟ್ಟಿದ್ದು ಮೊದಲು ಶುಚಿ ಮಾಡು, ಆಮೇಲೆ ಅಂಟಿಸು ಎಂದು. ಹಾಳೆಯ ಬಲಗಡೆ ಕೆಳಮೂಲೆ ಯಾವಾಗಲೂ ಕಪ್ಪಗಿರುತ್ತಿತ್ತು. ರಬ್ಬರಿನ ಪುಡಿ ಉದುರಿಸಿ, ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜಿ, ಕುಂಚದಲ್ಲಿ ಗುಡಿಸಿದರೆ ಮೂಲೆ ಫಳಫಳ. ಮೂರು ವರ್ಷದಲ್ಲಿ ಸಾವಿರದ ನೂರು ಪ್ರತಿಗಳ ಮೂಲೆ ಹೀಗೆ ಬೆಳಗಿದರು.

ನಾಲ್ಕನೆಯ ವರ್ಷ ಇರ್ಮಾ ಕೋಲರ್ ಎಂಬ ಅಜ್ಜಿ ಒಂದು ಬಟ್ಟೆ ಚೀಲ ಹೊತ್ತು ಬಂದರು. ಕೋಲರ್ ಮನೆತನದವರು ಜರ್ಮನ್ ಮೂಲದವರು. ಈ ಊರಿನ ಉತ್ತರ ಬೀದಿಯಲ್ಲಿ ಒಂದು ಕಾಲಕ್ಕೆ ಎಲ್ಲರೂ ಜರ್ಮನ್ ಮೂಲದವರೇ. ಚೀಲದಲ್ಲಿ ಅವರ ಅಜ್ಜಿಯ ಎರಡು ವಸ್ತುಗಳಿದ್ದವು. ಒಂದು ಜರ್ಮನ್ ಪ್ರಾರ್ಥನೆ ಹಾಡುಗಳ ಪುಸ್ತಕ, ಎಣ್ಣೆ ಮೆತ್ತಿ, ಮೂಲೆಗಳೆಲ್ಲ ಸವೆದು ಕಪ್ಪಾಗಿತ್ತು. ಇನ್ನೊಂದು ಯುದ್ಧಕಾಲದ ಹಾಡಿನ ಹಾಳೆ, 'ಗೇಟು ತೆಗೆದೇ ಇಟ್ಟಿದ್ದೀನಿ ಬೆನ್ನೀ' ಅಂತ. ಮುಖಪುಟದ ಬಾವುಟದ ಕೆಂಪು ಬಿಸಿಲಿಗೆ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಒಳಗೆ ಮಾತ್ರ ಹೊಚ್ಚ ಹೊಸದು.

"ಎಷ್ಟು ಜೋಪಾನ ಮಾಡಿದೀರಿ ಅಮ್ಮಾ!" ಎಂದರಂತೆ ಅರ್ಡಿತ್.

ಇರ್ಮಾ ಪಕಪಕ ನಕ್ಕರು. "ಜೋಪಾನವೂ ಇಲ್ಲ, ಮಣ್ಣೂ ಇಲ್ಲ. ಯಾರೂ ಮುಟ್ಟೇ ಇಲ್ಲ ಕಣಮ್ಮ ಅದನ್ನ."

ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿದ ಮೇಲೆ ಆ ಬೀದಿಯಲ್ಲಿ ಜರ್ಮನ್ ಮಾತಾಡುವ ಮನೆಗಳ ಬಾಗಿಲಿಗೆ, ದ್ರೋಹಿಗಳೆಂಬ ಗುರುತಿಗೆ, ಹಳದಿ ಬಣ್ಣ ಬಳಿಯುತ್ತಿದ್ದರು. ಇರ್ಮಾ ಅವರ ಅಜ್ಜಿ ಹತ್ತು ಸೆಂಟು ಕೊಟ್ಟು ಈ ಹಾಡು ತಂದು, ಬೀದಿಗೆ ಕಾಣುವ ಕಿಟಕಿಯ ಪಕ್ಕ ಪಿಯಾನೋ ಮೇಲೆ ನಿಲ್ಲಿಸಿದರು. ಮಕ್ಕಳು ಮುಟ್ಟಿದರೆ ಕೈ ಮೇಲೆ ಏಟು. ಹಾಡುವುದಿದ್ದರೆ ಅಡುಗೆಮನೆಯಲ್ಲಿ, ಕದ ಹಾಕಿಕೊಂಡು, ಆ ಕಪ್ಪು ಪುಸ್ತಕದ್ದು. ಆಗ ಎಂಟು ವರ್ಷದವರಾಗಿದ್ದ ಇರ್ಮಾ ಅವರ ತಂದೆ ಆ ಏಟು ತಿಂದವರೇ.

ಇರ್ಮಾ ಮನೆಗೆ ಹೊರಟ ಮೇಲೆ ಅರ್ಡಿತ್ ಪೆಟ್ಟಿಗೆಗಳನ್ನೆಲ್ಲ ಮತ್ತೆ ಇಳಿಸಿದರು. ಬಲಗಡೆ ಕೆಳಮೂಲೆ ಎಂದರೆ ಪುಟ ಮಗುಚುವ ಹೆಬ್ಬೆರಳು ತಾಗುವ ಜಾಗ. ಕಪ್ಪಾಗಿದ್ದರೆ ಹಾಡಿದ್ದಾರೆ. ಬೆಳ್ಳಗಿದ್ದರೆ ಇಲ್ಲ. ತಾನು ಬೆಳಗಿಟ್ಟ ಸಾವಿರದ ನೂರು ಪ್ರತಿಗಳಲ್ಲಿ ಯಾವುದನ್ನು ಹಾಡಿದ್ದರು, ಯಾವುದನ್ನು ಬರೀ ತೋರಿಸಲು ಇಟ್ಟಿದ್ದರು ಎಂಬುದು ಇನ್ನು ಯಾರಿಗೂ ಗೊತ್ತಾಗುವಂತಿಲ್ಲ.

"ಅಷ್ಟೂ ಹೆಬ್ಬೆರಳು ನಾನೇ ಒರೆಸಿ ಕಸದ ಡಬ್ಬಿಗೆ ಹಾಕಿದೀನಿ. ಅದಕ್ಕೆ ಆ ವರ್ಷ ನಂಗೆ ಒಳ್ಳೆ ಕೆಲಸಗಾರ್ತಿ ಅಂತ ಬಹುಮಾನ ಬೇರೆ ಕೊಟ್ರು. ಕಾಫಿ ಮಗ್ಗು. ಅದರಲ್ಲಿ ಈಗ್ಲೂ ಕಾಫಿ ಕುಡಿಯಲ್ಲ ನಾನು, ಡೇಲ್ ಅದ್ರಲ್ಲಿ ಮೊಳೆ ಇಟ್ಕೊಂಡಿದಾನೆ."

ಅಂದಿನಿಂದ ಅರ್ಡಿತ್ ಆ ಒಂದು ಮೂಲೆಗೆ ರಬ್ಬರ್ ತಾಗಿಸಿಲ್ಲ. ಹರಿದಿದ್ದರೆ ಹಿಂಬದಿಯಿಂದ ತೆಳು ಕಾಗದ ಅಂಟಿಸುತ್ತಾರೆ, ಮೇಲಿನ ಕೊಳೆ ಹಾಗೇ ಇರುತ್ತದೆ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಸುತ್ತೋಲೆ ಬಂದಾಗ ಮಾತ್ರ ಹೇಳಲೇಬೇಕಾಯಿತು. ಅತ್ಯಂತ ಚೊಕ್ಕವಾದ ಪ್ರತಿ ಉಳಿಸಿ ಎಂದರೆ ಊರಿನವರು ಹಾಡಿದ್ದನ್ನೆಲ್ಲ ಲಾರಿಗೆ ಹಾಕಿ, ಹಾಡದೇ ಇದ್ದದ್ದನ್ನು ಕಪಾಟಿನಲ್ಲಿಡಿ ಎಂದೇ ಅರ್ಥ.

ಸುತ್ತೋಲೆ ಬರೆದ ಈಗಿನ ಮುಖ್ಯಸ್ಥೆ ಲೊರೇನ್ ಹಚಿನ್ಸ್ ಕೆಟ್ಟವರಲ್ಲ. ಹೋದ ಚಳಿಗಾಲದಲ್ಲಿ ಬಾಯ್ಲರ್ ಮೂರು ಸಲ ಕೈಕೊಟ್ಟು, ಮಕ್ಕಳ ವಿಭಾಗದಲ್ಲಿ ಕೋಟು ಹಾಕಿಕೊಂಡು ಕಥೆ ಓದಿದವರು. ಮಾರ್ಚ್ ಮೊದಲ ಸೋಮವಾರ ಅವರು ಕಾಫಿ ಹಿಡಿದು ಒಳಗೆ ಬರುವಷ್ಟರಲ್ಲಿ ಓದುವ ಕೋಣೆಯ ಉದ್ದನೆಯ ಮೇಜಿನ ತುಂಬ ಹಾಳೆಗಳು ಹರಡಿದ್ದವು. ಅದೇ ಬೆನ್ನಿಯ ಹಾಡಿನ, ಅರ್ಡಿತ್ ರಬ್ಬರ್ ತಾಗಿಸದ, ಇಪ್ಪತ್ತಾರು ಪ್ರತಿ. ಎಲ್ಲವೂ ಮೂರನೇ ಪುಟಕ್ಕೆ ತೆರೆದು, ಬಲಮೂಲೆ ಮೇಜಿನ ಅಂಚಿಗೆ.

"ಇದೇನೇ ಅರ್ಡಿತ್, ಸಂತೆ ಹಾಕಿದೀಯಾ?"

"ಹೌದು, ವ್ಯಾಪಾರ ಮಾಡು ಬಾ. ಇದರಲ್ಲಿ ಒಂದು ಆರಿಸ್ಕೋ. ನಿನ್ನ ಸುತ್ತೋಲೆ ಪ್ರಕಾರ."

ಲೊರೇನ್ ಮೇಜಿನುದ್ದಕ್ಕೂ ನಡೆದು ಒಂದನ್ನು ತೋರಿಸಿದರು. "ಇದು. ಚೊಕ್ಕವಾಗಿದೆ."

"ಚೊಕ್ಕವಾಗಿರ್ದೆ ಏನಾಗತ್ತೆ? ಅದನ್ನ ಯಾರೂ ಹಾಡೇ ಇಲ್ಲ. ಮೇಲಿನ ಹೆಸರು ಓದು."

ಮುಖಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಕೋಲರ್ ಎಂದಿತ್ತು. ಅರ್ಡಿತ್ ಒಂದೊಂದಾಗಿ ತೋರಿಸುತ್ತಾ ಹೋದರು. ಇಪ್ಪತ್ತಾರರಲ್ಲಿ ಆರು ಪ್ರತಿಗಳ ಮೂಲೆ ಬೆಳ್ಳಗಿತ್ತು, ಆರರ ಮುಖಪುಟವೂ ಬಿಸಿಲಿಗೆ ಮಾಸಿತ್ತು. ಆರರಲ್ಲಿ ಐದರ ಮೇಲೆ ಜರ್ಮನ್ ಹೆಸರು. ಆರನೆಯದರಲ್ಲಿ ಹೆಸರನ್ನು ಉಜ್ಜಿ ಅಳಿಸಿ, ಅದರ ಮೇಲೆ ಇಂಗ್ಲಿಷಿನ ಹೆಸರು ಬರೆದಿತ್ತು. ಉಳಿದ ಇಪ್ಪತ್ತರ ಮೂಲೆ ಮಸಿ ಹಿಡಿದ ಬಾಣಲೆಯಂತೆ.

"ಇದು ನಿನ್ನ ಊಹೆ ಮಾರಾಯ್ತಿ," ಎಂದರು ಲೊರೇನ್. "ಕೊಳೆ ನೋಡಿ ಇತಿಹಾಸ ಹೇಳ್ತೀನಿ ಅಂತ ಆಡಳಿತ ಮಂಡಳಿ ಮುಂದೆ ಹೋದ್ರೆ ನನ್ನನ್ನ ಮನೆಗೆ ಕಳಿಸ್ತಾರೆ."

"ಹಂಗಾದ್ರೆ ಇರ್ಮಾ ಅವರನ್ನೇ ಕೇಳು. ಫೋನ್ ಹಚ್ಚು."

ತೊಂಬತ್ತೊಂದರ ಇರ್ಮಾಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿಸಿಕೊಂಡು ಲೊರೇನ್ ಗಟ್ಟಿಯಾಗಿ ಕೇಳಿದರು. ನಿಮ್ಮಜ್ಜಿ ಆ ಹಾಡನ್ನು ಒಂದು ಸಲವಾದರೂ ಬಾರಿಸಿದ್ದನ್ನು ನಿಮ್ಮ ತಂದೆ ಹೇಳಿದ್ದರೇ, ಎಂದು.

"ಬಾರಿಸೋದಾ? ಅದು ಹಾಡಲ್ಲ ಕಣಮ್ಮ. ಅದು ನಮ್ಮನೆ ಬಾಗಿಲಿಗೆ ಹಾಕಿದ ಬೀಗ. ಪಕ್ಕದ ಮನೆಯವ್ರೂ ಇಟ್ಟಿದ್ರು, ಎದುರುಗಡೆಯವ್ರೂ ಇಟ್ಟಿದ್ರು. ಸಂಜೆ ಬೀದೀಲಿ ನಡೆದ್ರೆ ಎಲ್ಲಾ ಕಿಟಕೀಲೂ ಅದೇ ಬಾವುಟ ಅಂತಿದ್ರು ನಮ್ಮಪ್ಪ. ಯಾಕೆ, ಈಗ ಏನಾಯ್ತು ಅದಕ್ಕೆ?"

ಏನೂ ಆಗಿಲ್ಲ ಎಂದು ಹೇಳಿ ಫೋನ್ ಇಟ್ಟು, ಲೊರೇನ್ ಆ ಆರು ಪ್ರತಿಗಳ ಮೇಲಿನ ಹೆಸರು ಬರೆದುಕೊಳ್ಳತೊಡಗಿದರು. ಕಾಫಿ ಆರಿಹೋಗಿತ್ತು.

ಆಡಳಿತ ಮಂಡಳಿಯ ಸಭೆಯಲ್ಲಿ ಮಾತಾಡಿದ್ದು ಲೊರೇನ್. ಅರ್ಡಿತ್ ಹಿಂದಿನ ಸಾಲಿನಲ್ಲಿ ಕೂತಿದ್ದರು, ಕರೆದರೂ ಮುಂದೆ ಬರಲಿಲ್ಲ. ಬಾಯ್ಲರ್ ಬಂದೇ ಬರುತ್ತದೆ, ಅದರಲ್ಲಿ ಬದಲಾವಣೆಯಿಲ್ಲ. ಆದರೆ ನಿಯಮ ಬದಲಾಯಿತು. ಪ್ರತಿ ಹಾಡಿಗೆ ಎರಡು ಪ್ರತಿ, ಒಂದು ಅತ್ಯಂತ ಚೊಕ್ಕವಾದದ್ದು, ಒಂದು ಅತ್ಯಂತ ಕೊಳೆಯಾದದ್ದು. ಬೆನ್ನಿಯ ಹಾಡಿನ ಇಪ್ಪತ್ತಾರೂ ಒಟ್ಟಿಗೆ ಉಳಿಯಲಿ. ಪಟ್ಟಿಯಲ್ಲಿ 'ಮೂಲೆ' ಎಂಬ ಹೊಸ ಕಾಲಂ ಸೇರಲಿ, ತುಂಬುವವರು ಅರ್ಡಿತ್ ಪ್ರೂಯಿಟ್.

ಮಾರ್ಚ್ ಇಪ್ಪತ್ತೆಂಟರಂದು ಲಾರಿ ಬಂತು. ನಾಲ್ಕು ಸಾವಿರದ ಇನ್ನೂರು ಪ್ರತಿಗಳು ಹೋದವು. ಡೇಲ್ ಬಸ್ಸು ನಿಲ್ಲಿಸಿ ಬಂದು ಪೆಟ್ಟಿಗೆ ಹೊರಲು ಕೈಹಾಕಿದರೆ, ಅರ್ಡಿತ್ ಬಿಡಲಿಲ್ಲವಂತೆ.

"ಆರ್ಸಿದೋಳು ನಾನು, ಹೊರೋಳೂ ನಾನೇ ಅಂದೆ. ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳು. ಆದ್ರೆ ಹೋದ ಒಂದೊಂದರ ಮೂಲೇನೂ ನೋಡಿ ಬರ್ಕೊಂಡಿದೀನಿ. ಮೂರು ವಾರ ಬೇರೆ ಕೆಲಸಾನೇ ಮಾಡಿಲ್ಲ."

ಈಗ ನೆಲಮಾಳಿಗೆಯ ಅರ್ಧದಲ್ಲಿ ಬಾಯ್ಲರ್ ಗುಂಯ್ ಎನ್ನುತ್ತಿದೆ, ಇನ್ನರ್ಧದಲ್ಲಿ ಅಂಟು ಆರುತ್ತಿದೆ. ಬೆಚ್ಚಗಿರುವುದರಿಂದ ಬೆರಳು ಮೊದಲಿಗಿಂತ ಚೆನ್ನಾಗಿ ಮಡಚುತ್ತವೆ ಎಂದು ಅರ್ಡಿತ್ ಒಪ್ಪಿಕೊಳ್ಳುತ್ತಾರೆ, ಲೊರೇನ್‌ಗೆ ಹೇಳಬೇಡಿ ಎನ್ನುವ ಷರತ್ತಿನ ಮೇಲೆ. ಮುಂದಿನ ಡಿಸೆಂಬರಿಗೆ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದರೆ ಕುಂಚ ಕೆಳಗಿಡುತ್ತಾರೆ.

"ಪಿಯಾನೋ ಬರೋರು ಯಾರಾದ್ರೂ ಒಬ್ರು ಆ ಕೋಲರ್ ಹಾಳೆ ಕೇಳಿ ತರಿಸ್ಕೊಂಡು, ಒಂದು ಸಲ ಪೂರ್ತಿ ಹಾಡ್ಬೇಕು. ಕೈಗವಸು ಗಿಯ್ಗವಸು ಏನೂ ಬೇಡ. ಕೈ ತೊಳ್ಕೊಂಡು ಬರ್ಲಿ, ಮೂಲೆ ಹಿಡಿದು ಪುಟ ಮಗುಚ್ಲಿ. ಸ್ವಲ್ಪ ಕೊಳೆ ಆಗತ್ತೆ, ಆಗ್ಲಿ. ನಾನಂತೂ ಒರೆಸಲ್ಲ."