ಯಾರ ತಾಯಿಯದೂ ಅಲ್ಲದ ಮಾತು

“ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ಹಿಂಗ ನಮ್ಮ ಕಡೆ ಯಾರೂ ಮಾತಾಡಂಗಿಲ್ಲ. ನಿಮ್ಮ ಬೇಹುಗಾರ ಬಾಯಿ ತೆಗದ್ರ ನಮ್ಮೂರ ಕೋಳಿನೂ ನಗ್ತಾವ!”

ಕಳೆದ ವರ್ಷ ವಸಂತದಲ್ಲಿ, ಸಿಯೋಲ್‌ನ ನಮ್ಮ ಧ್ವನಿಮುದ್ರಣ ಕೋಣೆಯಲ್ಲಿ ಈ ಮಾತು ಕೇಳಿದಾಗ ನಾನು ಹೆಡ್‌ಫೋನು ತೆಗೆಯುವುದನ್ನೂ ಮರೆತು ಕೂತೆ. ಅಂದವಳು ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದ ಹೆಂಗಸು. ಹೊಸ ಬೇಹುಗಾರಿಕೆ ಧಾರಾವಾಹಿಯ ಮಾತು ತಿದ್ದಲೆಂದು ವಾಹಿನಿಯವರು ಅವಳನ್ನು ಕರೆಸಿದ್ದರು. ಬೊಕ್‌ಸಿಲ್ ಎನ್ನೋಣ; ನಿಜ ಹೆಸರು ಬೇಡವೆಂದಿದ್ದಾಳೆ. ಅನ್ನಿಸಿಕೊಂಡವರು, ಈ ಅಭಿನಂದನ ಸಂಪುಟ ಯಾರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆಂದು ಸಿದ್ಧವಾಗುತ್ತಿದೆಯೋ ಆ ಪೂಜ್ಯ ತಾಕ್ ಇನ್‌ಬಮ್ ಗುರುಗಳು.

ನಮ್ಮ ಕಿರುತೆರೆಯಲ್ಲಿ ಉತ್ತರದ ಬೇಹುಗಾರನಾಗಿ ನಟಿಸಿದ ಯಾರೂ ಈ ನಲವತ್ತು ವರ್ಷಗಳಲ್ಲಿ ಗುರುಗಳ ಮುಂದೆ ಮಂಡಿಯೂರಿ ಕೂತು ಮಾತು ಕಲಿಯದೆ ಕ್ಯಾಮೆರಾದೆದುರು ನಿಂತದ್ದಿಲ್ಲ. ಯುದ್ಧದ ಚಳಿಗಾಲದಲ್ಲಿ ತಾಯಿಯ ಬೆನ್ನಿಗೆ ಕಟ್ಟಿಸಿಕೊಂಡು ಹಡಗಿನಲ್ಲಿ ದಕ್ಷಿಣಕ್ಕೆ ಬಂದ ಕೂಸು, ಆ ತಾಯಿಯ ನಾಲಗೆಯನ್ನೇ ಬಂಡವಾಳ ಮಾಡಿಕೊಂಡು ಭಾಷಾಗುರುವಾದದ್ದು ನಮ್ಮ ರಂಗದಲ್ಲಿ ಎಲ್ಲರೂ ಬಲ್ಲ ಸಂಗತಿ. ಎಲ್ಲರೂ ಅರಿಯದ ಇನ್ನೊಂದು ಸಂಗತಿಯಿದೆ. ಅದನ್ನು ಬರೆಯಲು ಅಪ್ಪಣೆ ಕೇಳಿದಾಗ ಗುರುಗಳು, “ಬರಿಯಪ್ಪಾ ಪ್ಯೊ. ಅಮ್ಮನ ಬಗ್ಗೆ ಎಲ್ಲಾದರೂ ಒಂದು ಸಾಲು ಇರಲಿ” ಎಂದರು. ಆದರೂ ಕೈ ತಡೆತಡೆದೇ ಸಾಗುತ್ತಿದೆ.

ನಾನು ಓದಿದವನಲ್ಲ. ರೇಡಿಯೋ ರಿಪೇರಿ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದವನು ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ವಾಹಿನಿಗೆ ಸೇರಿದೆ. ಮೊದಲ ತಿಂಗಳೇ ಒಂದಿಡೀ ಸಂಚಿಕೆಯ ಸುರುಳಿಯನ್ನು ಹಾಳು ಮಾಡಿದಾಗ, “ಉಚ್ಚಾರ ಸರಿಯಿರಲಿಲ್ಲ, ನಾನೇ ಅಳಿಸಲು ಹೇಳಿದೆ” ಎಂದು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡವರು ಗುರುಗಳು. ಆಮೇಲೆ ನನ್ನ ಹತ್ತಿರ ಬಂದು, “ಒಳ್ಳೇ ಕಿವಿ ಕಣಯ್ಯಾ ನಿಂದು. ಕೈ ಮಾತ್ರ ಎಮ್ಮೆದು” ಎಂದು ಹೋದರು. ಅಂದಿನಿಂದ ನಾನು ಅವರ ನೆರಳು.

ಆಗಿನ ಬೇಹುಗಾರನಿಗೆ ಗಡ್ಡ ಕೆದರಿರಬೇಕು, ಕಣ್ಣು ಕೆಂಪಗಿರಬೇಕು. ಬೆಳಗಿನ ಜಾವ ಕೆಸರುಮೆಟ್ಟಿನಲ್ಲಿ ಬೆಟ್ಟವಿಳಿದು ಬರುವವನು, ಸಿಗರೇಟಿನ ಬೆಲೆ ತಿಳಿಯದವನು ಯಾರೇ ಆಗಲಿ ಪೊಲೀಸರಿಗೆ ಸುಳಿವು ಕೊಡಿ ಎಂಬ ಭಿತ್ತಿಪತ್ರ ಗೋಡೆಗೋಡೆಗೂ ಅಂಟಿಸಿದ್ದ ಕಾಲವದು. ಧಾರಾವಾಹಿಯ ಕೊನೆಯಲ್ಲಿ ಅವನನ್ನು ಹಿಡಿದುಕೊಡುವವಳು ಪಕ್ಕದ ಮನೆಯ ಗೃಹಿಣಿ. ಶನಿವಾರ ಸಂಜೆ ಅದು ಬರುವಾಗ ಬೀದಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ.

ಎಂಬತ್ತೊಂದರಲ್ಲಿ ಅಂಥದೊಂದು ಧಾರಾವಾಹಿಯಲ್ಲಿ ಬೇಹುಗಾರರನ್ನು ಅಡಗಿಸಿಡುವ ಮುದುಕಿಯ ಪಾತ್ರವಿತ್ತು. ಗುರುಗಳಿಗೆ ಆಗ ಹುರುಪಿನ ವಯಸ್ಸು. ಆ ನಟಿಗೆ ಅವರು ತಮ್ಮ ತಾಯಿಯ ಮಾತನ್ನೇ, ಉಸಿರೆಳೆಯುವ ಜಾಗವೂ ತಪ್ಪದಂತೆ ಕಲಿಸಿದರು. ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತಿದ್ದ ಆ ತಾಯಿ ಪ್ರತಿ ಮಾತನ್ನೂ “ಹೌದಿಲ್ಲೋ?” ಎಂದು ಮುಗಿಸುತ್ತಿದ್ದರು. “ಮೀನ ಚಲೋ ಐತಿ, ಹೌದಿಲ್ಲೋ? ಗಾಳಿ ಬಿಟ್ಟೈತಿ, ಹೌದಿಲ್ಲೋ?” ತೆರೆಯ ಮೇಲೆ ಆ ಮುದುಕಿ ಬಂದೂಕು ಬಚ್ಚಿಡುತ್ತ ಹಾಗೇ ಅಂದಳು. ಊರಿಗೆ ಊರೇ ಭೇಷ್ ಎಂದಿತು. ತೆರೆಗೆ ನಿಜವಾದ ಉತ್ತರ ಬಂತೆಂದು ಪತ್ರಿಕೆಯವರು ಬರೆದರು.

ಸೋಮವಾರ ಮಾರುಕಟ್ಟೆಯಲ್ಲಿ ಮಕ್ಕಳು ಆ ತಾಯಿಯ ಹಿಂದೆ ಬಿದ್ದವು. “ಹೌದಿಲ್ಲೋ! ಹೌದಿಲ್ಲೋ! ಬೇಹುಗಾರಮ್ಮ!” ಮೂವತ್ತು ವರ್ಷದಿಂದ ಅವರ ಹತ್ತಿರ ಮೀನು ಕೊಳ್ಳುತ್ತಿದ್ದವರೇ ಯಾರೋ ಪೊಲೀಸರಿಗೆ ಫೋನು ಮಾಡಿದರು. ಮಂಗಳವಾರ ಇಬ್ಬರು ಬಂದು ಕರೆದೊಯ್ದರು. ಗುರುಗಳು ಈ ಕಚೇರಿಯಿಂದ ಆ ಕಚೇರಿಗೆ ಓಡಾಡಿ, ವಾಹಿನಿಯ ಪತ್ರ ತೋರಿಸಿ ಬಿಡಿಸಿ ತಂದದ್ದು ಶುಕ್ರವಾರ. ಮೈಮೇಲೆ ಗಾಯವೇನೂ ಇರಲಿಲ್ಲವಂತೆ. ಆದರೆ ಆಮೇಲೆ ಅವರು ಮಾರುಕಟ್ಟೆಯಲ್ಲಿ ಮಾತಾಡಲಿಲ್ಲ. ಬೆರಳೆತ್ತಿ ಬೆಲೆ ಹೇಳುತ್ತಿದ್ದರು. ಎಂಟನೆಯ ವರ್ಷ ತೀರಿಕೊಂಡರು; ಅಲ್ಲಿಯವರೆಗೆ ಮನೆಯಲ್ಲೂ ಯಾವ ಮಾತಿನ ತುದಿಗೂ ಆ ಪದ ಬರಲಿಲ್ಲ.

ಅಂದಿನಿಂದ ಗುರುಗಳು ಒಂದು ಭಾಷೆ ಕಟ್ಟಿದರು. ಕ್ರಿಯಾಪದದ ಕೊನೆ ಒಂದು ಜಿಲ್ಲೆಯದು, ರಾಗ ಇನ್ನೊಂದರದು, ನಡುವೆ ಎಲ್ಲೂ ಇಲ್ಲದ ಒಂದೆರಡು ಪದ. ಕೇಳಿದರೆ ಉತ್ತರದ್ದೆನಿಸಬೇಕು, ಉತ್ತರದ ಯಾವ ಅಜ್ಜಿಯೂ ಹಾಗೆ ಮಾತಾಡಿರಬಾರದು. ಬೇಹುಗಾರನ ಬಾಯಿಂದ ಕೇಳಿದ ಮಾತನ್ನು ಜನ ಬಸ್ಸಿನಲ್ಲಿ, ಸಂತೆಯಲ್ಲಿ ಹುಡುಕಿದರೆ ಅದು ಯಾರ ಬಾಯಲ್ಲೂ ಸಿಗಬಾರದು. ಅಷ್ಟೇ ಅವರ ವ್ಯಾಕರಣ. ನಟರಿಗೆ ಇದು ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಆ ಭಾಷೆಯಲ್ಲೇ ಬೇಹುಗಾರ ಕಾಲದೊಡನೆ ರೂಪ ಬದಲಿಸುತ್ತ ಬಂದ. ಸಿಯೋಲ್‌ನಲ್ಲಿ ಒಲಿಂಪಿಕ್ಸ್ ನಡೆದ ವರ್ಷ ಅವನು ದೊಡ್ಡ ಅಂಗಡಿಯ ಫ್ರಿಜ್ಜುಗಳ ಮುಂದೆ ಬಾಯಿಬಿಟ್ಟು ನಿಂತ, ನಾವು ಉಬ್ಬಿದೆವು. ಕಂಪನಿಗಳು ಮುಚ್ಚಿ ಗಂಡಸರು ಸೂಟು ತೊಟ್ಟು ಉದ್ಯಾನಗಳಲ್ಲಿ ಹೊತ್ತು ಕಳೆದ ವರ್ಷ, ಅವನೂ ಕರಿದ ಕೋಳಿಯ ಅಂಗಡಿ ಇಟ್ಟು ನಷ್ಟಪಟ್ಟ. ಎರಡೂ ಕಡೆಯ ನಾಯಕರು ಕೈಕುಲುಕಿದ ಮೇಲೆ ಅವನು ಸುಂದರನಾದ, ಹೆಂಗಸರು ಅವನಿಗಾಗಿ ಅತ್ತರು. ಈಗಂತೂ ಮಗಳ ಟ್ಯೂಷನ್ನಿನ ಚಿಂತೆಯಲ್ಲೇ ಅರ್ಧ ಸಂಚಿಕೆ ಮುಗಿಯುತ್ತದೆ. ಒಮ್ಮೆ ಗುರುಗಳು ನಕ್ಕು, “ಪ್ಯೊ, ಆ ಕಡೆಯವರನ್ನ ತೋರಿಸ್ತೀವಿ ಅಂತ ನಮ್ಮದೇ ಕುಟುಂಬದ ಫೋಟೋ ತೆಗೀತಿದ್ದೀವಲ್ಲಯ್ಯಾ” ಎಂದಿದ್ದರು.

ಅಷ್ಟರಲ್ಲಿ ಆ ಕಡೆಯವರೇ ಬರತೊಡಗಿದರು, ಸಾವಿರಗಟ್ಟಲೆ. ಅವರು ಟೀವಿ ನೋಡಿ ನಕ್ಕರು. ಹೀಗೆ ಬೊಕ್‌ಸಿಲ್ ಬಂದಳು.

ಅಂದು ನಿರ್ದೇಶಕ ಗು ಗಾಜಿನಾಚೆಯಿಂದ ಒಳಬಂದು, ಮೂವತ್ತರ ಹರೆಯದ ಬಿಸಿಯಲ್ಲಿ ಹೇಳಿದ: “ಗುರುಗಳೇ, ತಪ್ಪು ತಿಳೀಬೇಡಿ. ನಮ್ಮ ಬೇಹುಗಾರರ ಮಾತು ಸುಳ್ಳು ಅಂತ ಜನ ದಿನಾ ಬೈದು ಬರೀತಿದ್ದಾರೆ. ಈ ಸಲ ಈಕೆ ಹೇಳಿಕೊಟ್ಟ ಹಾಗೇ ನಾಯಕ ಮಾತಾಡ್ಲಿ. ನಿಮಗೂ ವಯಸ್ಸಾಯ್ತು, ಕಿವಿ ಸ್ವಲ್ಪ...”

ಉಳಿದದ್ದನ್ನು ಅವನು ನುಂಗಿದ. ಗುರುಗಳ ನಿವೃತ್ತಿಗೆ ಎರಡು ತಿಂಗಳಿತ್ತು. ನಲವತ್ತು ವರ್ಷ ತಪ್ಪು ಕಲಿಸಿದವರೆಂಬ ಹೆಸರು ಹೊತ್ತು ಹೋಗುತ್ತಾರೇನೋ ಎಂದುಕೊಂಡೆ. ಗುರುಗಳು, “ಅರ್ಧ ಗಂಟೆ ಕೊಡಪ್ಪಾ” ಎಂದಷ್ಟೇ ಅಂದರು.

ಗು ಹೋದ ಮೇಲೆ ಬೊಕ್‌ಸಿಲ್‌ಳನ್ನು ಕೇಳಿದರು, “ಹೊರಗೂ ಹೀಗೇ ಮಾತಾಡ್ತೀಯೇನಮ್ಮಾ?”

“ಎಲ್ಲೀದ್ರಿ! ಈ ಕ್ವಾಣ್ಯಾಗ ಅಷ್ಟ. ಹ್ವಾರಗ ಸಿಯೋಲ್ ಮಾತ. ಮಗಳ ಸಾಲ್ಯಾಗ ಕೇಳಿದ್ರ ಇಲ್ಲೇ ಪೂರ್ವದ ಗುಡ್ಡದ ಕಡೆಯವರು ಅಂತ ಹೇಳೀವಿ.”

“ಮಗಳು?”

“ಎಂಟ ವರ್ಷದಾಕಿ. ಸಿಟ್ಟ ಬಂದ್ರ ಇನ್ನೂ ನಮ್ಮೂರ ಮಾತ ಬರತೈತಿ ಆಕಿಗೆ.”

ಆಗ ಗುರುಗಳು ತಾಯಿಯ ಕಥೆ ಹೇಳಿದರು. ನಲವತ್ತು ವರ್ಷ ಜೊತೆಗಿದ್ದ ನಾನೂ ಕೇಳಿದ್ದು ಅದೇ ಮೊದಲು, ಅದೂ ಹೆಡ್‌ಫೋನಿನಲ್ಲಿ. ಮೈಕು ಆರಿಸಬೇಕೆಂದು ಹೊಳೆಯಲೂ ಇಲ್ಲ. ಹೇಳಿ ಮುಗಿಸಿ, “ಈಗ ಕಾಲ ಬದಲಾಗಿದೆ ಅಂತಾರೆ. ಇರಬಹುದು. ಶಾಲೆಯ ಮೈದಾನದಲ್ಲಿ ಮಕ್ಕಳು ನಿನ್ನ ಮಗಳನ್ನ ಏನಂತ ಕರೀತಾರೋ ನನಗೆ ಗೊತ್ತಿಲ್ಲ. ನೀನು ಹೇಗಂತೀಯೋ ಹಾಗೆ ಮಾಡೋಣ” ಎಂದರು. ಬೊಕ್‌ಸಿಲ್ ಕೈಲಿದ್ದ ಸಂಭಾಷಣೆಯ ಹಾಳೆಗಳನ್ನು ಮಡಿಸುತ್ತ ಕೂತಳು.

ಇಲ್ಲಿ ನನ್ನ ಹಾರೈಕೆಯನ್ನು ಹೇಳಿಬಿಡುತ್ತೇನೆ. ಗುರುಗಳು ನೂರು ದಾಟಲಿ, ಹಲ್ಲು ಗಟ್ಟಿಯಿರಲಿ, ಮುಂಜಾನೆಯ ಬೆಟ್ಟ ಹತ್ತುವುದು ನಿಲ್ಲದಿರಲಿ. ತಾಯಿಯ ಮಾತುಗಳನ್ನು ನನ್ನ ಯಂತ್ರದೆದುರು ಒಂದೊಂದಾಗಿ ಹೇಳಿ ಉಳಿಸುವ ಕೆಲಸಕ್ಕೆ ಈಗ ಕೈಹಾಕಿದ್ದಾರೆ. ಅದು ಮುಗಿಯುವವರೆಗೆ, ಮುಗಿದ ಮೇಲೂ, ಅವರ ಉಸಿರು ಏರುಪೇರಾಗದಿರಲಿ.

ಅರ್ಧ ಗಂಟೆಗೆ ಗು ಬಂದ. “ಏನು ತೀರ್ಮಾನ?”

ಬೊಕ್‌ಸಿಲ್ ಎದ್ದು ನಿಂತು ಅಚ್ಚ ಸಿಯೋಲ್ ಮಾತಿನಲ್ಲಿ ಹೇಳಿದಳು: “ಗುರುಗಳು ಕಲಿಸಿದ್ದೇ ಸರಿ, ಸರ್. ನಾನೇ ಗೊಂದಲ ಮಾಡ್ಕೊಂಡಿದ್ದೆ. ನಮ್ಮ ಪಕ್ಕದ ಜಿಲ್ಲೆಯಲ್ಲಿ ಹೀಗೇ ಮಾತಾಡ್ತಾರೆ.”

“ಖಂಡಿತಾನಾ? ಜನ ಬೈದರೆ?”

“ನನ್ನ ಹೆಸರು ಹೇಳಿ, ಸರ್. ಅಲ್ಲೇ ಹುಟ್ಟಿ ಬೆಳೆದವಳು ನಾನು.”

ಗು ಭುಜ ಕುಣಿಸಿ, ಬಾಗಿಲನ್ನು ಅರ್ಧ ತೆರೆದೇ ಬಿಟ್ಟು ನಟರನ್ನು ಕರೆಯಲು ಹೋದ. ಗುರುಗಳು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಅಷ್ಟರಲ್ಲಿ ಬೊಕ್‌ಸಿಲ್‌ಳ ಫೋನು ರಿಂಗಾಯಿತು. ಬೇರೆ ದಿನವಾಗಿದ್ದರೆ ಮೆಟ್ಟಿಲಿಗೆ ಓಡಿಹೋಗಿ ಪಿಸುಗುಟ್ಟುತ್ತಿದ್ದಳು. ಅಂದು ಕೂತಲ್ಲೇ ಎತ್ತಿಕೊಂಡಳು.

“ಉಂಡಿ ಏನ್ ಮಗಾ? ಸಾರ ಬಿಸಿ ಮಾಡ್ಕೊ. ಅಳಬ್ಯಾಡ, ಬಂದೆ ತಡಿ.”

ಬಾಗಿಲಾಚೆ ನಟರ ಹೆಜ್ಜೆ ಕೇಳಿಸಿತು. ಗುರುಗಳು ಎದ್ದು ಹೋಗಿ, ಸದ್ದಾಗದಂತೆ ಬಾಗಿಲು ಮುಚ್ಚಿ, ಅವಳ ಮಾತು ಮುಗಿಯುವವರೆಗೂ ಅದಕ್ಕೆ ಬೆನ್ನು ಕೊಟ್ಟು ನಿಂತರು.