ಗೋಡೆಯಾಚೆ ಬೆಳೆದ ಪಾರ್ಕು

ಗುರುವಾರ, ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಿತ್ತಿಲಲ್ಲಿ ಇದ್ದವರು ನಾನು ಮತ್ತು ನನ್ನ ಮಗಳು. ಮೊಮ್ಮಗಳು ಆಗಷ್ಟೇ ಸ್ಕೂಲಿಗೆ ಹೊರಟಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಒಂದು ವಾಸನೆ ಬಂತು. ಹಸಿ ಮಣ್ಣಿನದು, ಅದರೊಳಗೆ ತುಸು ಹುಳಿ. ಮೊಳಕೆ ಕೊಳೆಯಲು ಶುರುವಾದಾಗ ಬರುವ ವಾಸನೆ. ನನಗೆ ಚೆನ್ನಾಗಿ ಗೊತ್ತು ಅದು...

ತಿರುಗಿ ನೋಡಿದರೆ, ದಸರಾ ಗೊಂಬೆಗಳ ಮುಂದೆ ಪಾರ್ಕು ಮಾಡಲೆಂದು ಮೊಮ್ಮಗಳು ರಾಗಿ ಬಿತ್ತಿದ್ದ ತಟ್ಟೆಗೆ ಮಗಳು ಚೊಂಬಿನಿಂದ ನೀರು ಹುಯ್ಯುತ್ತಿದ್ದಳು. ಒಂದು ಕಣ್ಣು ಗೇಟಿನ ಕಡೆಗೆ, ಕಳ್ಳಿಯ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಅರ್ಧ ಅವಳ ಮೇಲೆ. ಇನ್ನರ್ಧ ಯಾರ ಮೇಲೆ ಎಂಬುದನ್ನು ಬರೆಯಲೇ ಕುಳಿತಿದ್ದೇನೆ.

ಅರವತ್ತರ ದಶಕ ಶುರುವಾಗಿದ್ದ ಕಾಲ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ ಇತ್ತು. ಅದರಾಚೆ ಅವರಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ನನ್ನ ಮಗಳು ದೊಡ್ಡಮ್ಮ ಎನ್ನುತ್ತಿದ್ದಳು. ತವರು ಪಕ್ಕದ ಹಳ್ಳಿ ಬೋಗಾದಿ, ಹೊಲ ಗದ್ದೆಯ ಮನೆತನ. ಯಜಮಾನರು ಗುಮಾಸ್ತರು, ನಾಲ್ಕು ಮಕ್ಕಳು.

ನಮ್ಮ ಮನೆಯಲ್ಲಿ ಐದಕ್ಕೆ ಅಲಾರಂ, ಆರಕ್ಕೆ ಸ್ನಾನ, ಎಂಟಕ್ಕೆ ತಿಂಡಿ. ನನ್ನ ತಂದೆ ನನ್ನನ್ನು ಬೆಳೆಸಿದ್ದೇ ಹಾಗೆ. ಅಕ್ಕನ ಮನೆಯಲ್ಲಿಯೂ ಗಡಿಯಾರವಿತ್ತು, ಕೀಲಿ ಕೊಡುವವರಿರಲಿಲ್ಲ. ಅವರ ಒಂಬತ್ತು ವರ್ಷದ ಮಗಳು ಇದ್ದಿಲ ಒಲೆ ಹೊತ್ತಿಸಿ ಉಪ್ಪಿಟ್ಟು ಮಾಡುತ್ತಿದ್ದಳು. ಒಂದು ದಿನ ಎರಡು ಸಲ ಉಪ್ಪು ಹಾಕಿದ್ದಳು. ಮನೆಮಂದಿಯೆಲ್ಲ ನೀರು ಕುಡಿಯುತ್ತಾ ಅದನ್ನೇ ತಿಂದರು. ನನಗೂ ಒಂದು ಬಟ್ಟಲು ಬಂತು.

"ಪಕ್ಕದಲ್ಲಿ ನಿಂತು ಒಂದು ಮಾತು ಹೇಳಬಾರದಿತ್ತೇ ಅಕ್ಕ?" ಎಂದೆ.

"ನಾನ್ ನಿಂತ್ಕಂಡ್ರೆ ಅವಳು ಉಪ್ಪಿಟ್ಟ್ ನೋಡಲ್ಲ ಕಣ್ರೀ, ನನ್ ಮಖ ನೋಡ್ತಾಳೆ. ಬುಡಿ, ನಾಳೆ ಸರಿಯಾಗ್ತದೆ."

ಮರುದಿನ ಉಪ್ಪೇ ಇರಲಿಲ್ಲ. ಅದನ್ನೂ ತಿಂದರು! ಇಂಥವರ ಪಕ್ಕದಲ್ಲಿ ಹೇಗೆ ಬಾಳುವುದು ಎಂದು ನಾನು ನಮ್ಮವರ ಹತ್ತಿರ ದಿನಾ ಗೊಣಗುತ್ತಿದ್ದೆ.

ಆ ವರ್ಷ ನನ್ನ ಮಗಳಿಗೆ ಹತ್ತು ತುಂಬಿತ್ತು. ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆ ಎಲ್ಲಿ, ಶೆಟ್ಟಿ ದಂಪತಿ ಎಲ್ಲಿ ಎಂದು ನಾನೇ ಕಾಗದದ ಮೇಲೆ ಬರೆದಿಟ್ಟಿರುತ್ತಿದ್ದೆ. ಅವಳು ಕೇಳಿದ್ದು ಒಂದೇ. "ಅಮ್ಮ, ಪಾರ್ಕು ಮಾತ್ರ ನಂದು. ನೀನು ಮುಟ್ಟಬಾರದು." ತರಗತಿಯ ಹುಡುಗಿಯರನ್ನೆಲ್ಲ ಆಗಲೇ ಕರೆದುಬಿಟ್ಟಿದ್ದಳು. ನಾನು ಒಪ್ಪಿದೆ.

ತಗಡಿನ ತಟ್ಟೆಗೆ ಮಣ್ಣು ತುಂಬಿ ರಾಗಿ ಬಿತ್ತಿದಳು. ಕೊಳಕ್ಕೆಂದು ನಡುವೆ ಕನ್ನಡಿಯ ಚೂರು ಇಟ್ಟಳು. ನೀರು ಮಾತ್ರ ನೆನಪಾದಾಗ. ಒಂದು ದಿನ ಬೆಳಿಗ್ಗೆ, ಒಂದು ದಿನ ಸಂಜೆ. ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗುವ ಕೆಲಸವೇ? ಅವಳು ಸ್ಕೂಲಿಗೆ ಹೋದ ಮೇಲೆ ಒಂದು ಚೊಂಬು, ಮಧ್ಯಾಹ್ನ ಮೂರಕ್ಕೆ ಇನ್ನೊಂದು ಚೊಂಬು ನಾನೇ ಹುಯ್ದೆ. ತಪ್ಪದೆ, ಗಡಿಯಾರ ನೋಡಿಕೊಂಡು.

ಎರಡನೆಯ ದಿನವೇ ಗೋಡೆಯ ಮೇಲೆ ಅಕ್ಕನ ತಲೆ ಕಾಣಿಸಿತು.

"ಏನ್ರೀ ಅದು, ರಾಗಿಗೆ ಅಭಿಷೇಕ? ಕೊಳ್ತೋಯ್ತದೆ ಕಣ್ರೀ. ಮಗು ಹಾಕೋದೇ ಸಾಕು."

"ನನಗೆ ಗೊತ್ತು ಬಿಡಿ ಅಕ್ಕ" ಎಂದೆ. ಹೊಲದಲ್ಲಿ ಬೆಳೆದವರಿಗೆ ನಾನು ರಾಗಿಯ ವಿಷಯ ಹೇಳಿಕೊಟ್ಟೆ!

ಅಮಾವಾಸ್ಯೆಯ ಹಿಂದಿನ ದಿನ ಸಂಜೆ ಮಗಳು ಹಿತ್ತಿಲಿನಿಂದ ಓಡಿ ಬಂದಳು. ಮೊಳಕೆಗಳೆಲ್ಲ ಬಿಳಿಚಿ ಮಲಗಿದ್ದವು, ಮೇಲೆ ಬೂಷ್ಟು, ಇದೇ ವಾಸನೆ. "ನನ್ ಕೈಯಲ್ಲಿ ಏನೂ ಬರಲ್ಲಮ್ಮ" ಎಂದು ಅತ್ತಳು. ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು, "ಮಣ್ಣು ಸರಿಯಿರಲಿಲ್ಲ. ಮುಂದಿನ ವರ್ಷ ನಾನು ಹೇಳಿದ ಹಾಗೆ ಮಾಡು."

ಅವಳು ಗೋಡೆಯ ಹತ್ತಿರ ಹೋಗಿ ದೊಡ್ಡಮ್ಮನನ್ನು ಕೇಳಿದಳು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದೆ.

"ನೀರ್ ಜಾಸ್ತಿ ಆಗ್ಯದೆ ಮಗ. ದಿನಕ್ಕೆ ಎಷ್ಟ್ ಸಲ ಹುಯ್ದೆ?"

"ಒಂದೇ ಸಲ ದೊಡ್ಡಮ್ಮ."

ಅಕ್ಕ ಕಿಟಕಿಯ ಕಡೆ ನೋಡಿದರು. ನಾನು ಪಾತ್ರೆ ತೊಳೆಯತೊಡಗಿದೆ. ಅವರು ನನ್ನ ಗುಟ್ಟು ಬಿಡಲಿಲ್ಲ. "ರಾತ್ರಿಗೆ ರಾಗಿ ನೆನೆಹಾಕ್ತೀನಿ, ನಾಳೆ ಬಟ್ಟೇಲಿ ಕಟ್ಟಿ ಮೊಳಕೆ ಬರಿಸೋವ. ಆದ್ರೆ ಈ ಸಲ ತಟ್ಟೆ ನಮ್ ಕಡೆ ಮಡಗು. ಇಲ್ಲಿ ಬಿಸ್ಲು ಚೆನ್ನಾಗದೆ" ಎಂದರು.

ಬಿಸಿಲಂತೆ! ಎರಡೂ ಹಿತ್ತಿಲಿಗೆ ಇದ್ದದ್ದು ಒಂದೇ ಸೂರ್ಯ. ಅವರು ಹುಡುಕಿದ್ದು ನನ್ನ ಚೊಂಬಿಗೆ ಎಟುಕದ ಜಾಗ.

ಸರಸ್ವತಿ ಪೂಜೆಯ ದಿನ ಪಾರ್ಕು ಗೊಂಬೆಗಳ ಮುಂದೆ ಬಂತು. ತೆಳ್ಳಗೆ, ಒಂದು ಮೂಲೆಯಲ್ಲಿ ಬೋಳು. ಆ ಬೋಳಿನಲ್ಲಿ ಮಗಳು ಮಣ್ಣಿನ ಹಸುವೊಂದನ್ನು ನಿಲ್ಲಿಸಿ, "ಇದು ಮೇಯ್ದಿದೆ" ಎಂದು ಗೆಳತಿಯರಿಗೆ ಹೇಳಿದಳು. ಅಕ್ಕ ಗಟ್ಟಿಯಾಗಿ ನಕ್ಕರು. ನಾನು ನಗಲಿಲ್ಲ. ನನ್ನ ಮಗಳು ನನ್ನಿಂದಲೇ ಬಚ್ಚಿಟ್ಟು ಏನನ್ನಾದರೂ ಬೆಳೆಸುವ ಹಾಗೆ ಮಾಡಿದರಲ್ಲ ಎಂದು ಅವರ ಮೇಲೆ ವರ್ಷಗಟ್ಟಲೆ ಕುದಿದೆ. ಮಾತು ಎಷ್ಟು ಬೇಕೋ ಅಷ್ಟೇ ಆಯಿತು. ಆಮೇಲೆ ಅವರು ಬೋಗಾದಿಯಲ್ಲೇ ಮನೆ ಕಟ್ಟಿಕೊಂಡು ಹೋದರು. "ಬಂದು ಹೋಗ್ರೀ" ಎಂದಿದ್ದರು. ಇಲ್ಲಿಂದ ಎಷ್ಟು ದೂರ ಅದು? ಹೋಗಲಿಲ್ಲ... ಅವರ ತಿಥಿ ಮುಗಿದು ವಾರವಾದ ಮೇಲೆ ತರಕಾರಿಯವಳಿಂದ ನನಗೆ ಸುದ್ದಿ ತಿಳಿಯಿತು.

ಇವತ್ತು ಮಗಳ ಕೈಯಿಂದ ಚೊಂಬು ಕಿತ್ತುಕೊಂಡು ಹೇಳಿದೆ, "ಆ ವರ್ಷ ನಿನ್ನ ಪಾರ್ಕು ಕೊಳೆತದ್ದು ನಿನ್ನಿಂದಲ್ಲ. ನಾನು ದಿನಾ ಎರಡು ಚೊಂಬು ಹುಯ್ಯುತ್ತಿದ್ದೆ."

"ಗೊತ್ತಮ್ಮ" ಎಂದಳು. "ದೊಡ್ಡಮ್ಮನ ಹಿತ್ತಿಲಲ್ಲಿ ಬೆಳೆದಾಗಲೇ ಗೊತ್ತಾಯ್ತು. ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಕಾಯೋದು ಬಿಟ್ಟೆ."

ಚೊಂಬಿನಲ್ಲಿ ಉಳಿದಿದ್ದ ನೀರನ್ನು ಕಲ್ಲಿನ ಮೇಲೆ ಚೆಲ್ಲಿದೆ.

"ಎಲ್ಲ ಗೊತ್ತಿದ್ದೂ ನೀನು ಯಾಕೆ ಹುಯ್ತಿದ್ದೀಯೆ?"

"ಇವಳು ಮರೀತಾಳಲ್ಲಮ್ಮ!"

ಗೋಡೆಯ ಕಡೆ ನೋಡಿದೆ. ಈಗ ಅದು ಆಳೆತ್ತರ ಎದ್ದಿದೆ. ಆಚೆ ಬಾಡಿಗೆಗಿರುವ ಕಾಲೇಜು ಹುಡುಗರು. ತಲೆ ಎತ್ತಿ "ಏನ್ರೀ ಅದು" ಎನ್ನುವವರು ಯಾರೂ ಇಲ್ಲ. "ಸಂಜೆ ಅವಳು ಬಂದ ಕೂಡಲೇ ನೀನೇ ಹೇಳು. ನನ್ನ ಹಾಗೆ ಮಾಡಬೇಡ" ಎಂದೆ.

ನಾಲ್ಕೂಮುಕ್ಕಾಲಿಗೆ ಹೇಳಿದಳು. ಮೊಮ್ಮಗಳು ಕಾಲು ಅಪ್ಪಳಿಸಿ, ಅಮ್ಮನ ಜೊತೆ ಟೂ ಬಿಟ್ಟು ನನ್ನ ಹತ್ತಿರ ಬಂದಳು. "ಅಜ್ಜಿ, ಇವಳಿಗೆ ಸಿಗದ ಜಾಗ ಎಲ್ಲಿದೆ?" ನನ್ನ ನಾಲಿಗೆಯ ತುದಿಯಲ್ಲಿ ಮೂರು ಜಾಗಗಳಿದ್ದವು. ನುಂಗಿಕೊಂಡೆ. "ನೀನೇ ನೋಡು" ಎಂದೆ.

ತಟ್ಟೆಯನ್ನು ಎತ್ತಿಕೊಂಡು ತಾರಸಿಗೆ ಹತ್ತಿದಳು. ಮೆಟ್ಟಿಲುದ್ದಕ್ಕೂ ಕೆಸರು ಚೆಲ್ಲಿತು. ಬದುಕುವ ಮೊಳಕೆ ಎಷ್ಟೋ, ಸಾಯುವುದು ಎಷ್ಟೋ. ನಾನು ಪೊರಕೆ ತೆಗೆದುಕೊಂಡೆ, ಮತ್ತೆ ಮೂಲೆಗೆ ಒರಗಿಸಿದೆ. ಆರು ಗಂಟೆಗೆ ಚೊಂಬನ್ನು ಬೆಳಗಿ ಕಪಾಟಿನ ಮೇಲಿನ ಹಲಗೆಯಲ್ಲಿ ಬೋರಲು ಹಾಕಿದೆ. ಮೆಟ್ಟಿಲು ಇನ್ನೂ ಹಾಗೆಯೇ ಇದೆ.