ಬೋರಲು ದೋಣಿಯ ಕೆಳಗೆ

ಪೊಲೀಸ್ ಆಕ್ಷನ್ ಆದ ವರ್ಷ, ನಲವತ್ತೆಂಟರಲ್ಲಿ, ನನಗೆ ಹದಿನೇಳು. ಮದುವೆಯಾಗಿ ಭಾಲ್ಕಿ ತಾಲೂಕಿನ ಆ ಹಳ್ಳಿಗೆ ಬಂದು ಎರಡು ಮಳೆಗಾಲ ಕಳೆದಿದ್ದವು. ಮಾಂಜ್ರಾ ಹೊಳೆಯ ದಂಡೆಗೆ ನಮ್ಮದೇ ಕೊನೆಯ ಮನೆ. ಮಾವ ದೋಣಿ ನಡೆಸುತ್ತಿದ್ದರು. ಹೊಳೆ ತುಂಬಿದಾಗ ಆಚೆ ಔರಾದ ಕಡೆಗೆ ಹೋಗಲು ಆ ದೋಣಿಯೊಂದೇ ದಾರಿ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಆ ಬೇಸಿಗೆಯಲ್ಲಿ ಯಾರಿಗೂ ಹೇಳದೆ ಸಂಸ್ಥಾನದ ಗಡಿ ದಾಟಿ, ನಿಜಾಮನ ವಿರುದ್ಧ ಹೋರಾಡುವವರ ಶಿಬಿರ ಸೇರಿದ್ದ. ಹಾಗಾಗಿ ಮನೆಯಲ್ಲಿ ಮಾವ ಮತ್ತು ನಾನು ಇಬ್ಬರೇ.

ಆ ದಿನಗಳಲ್ಲಿ ನಿಜಾಮನ ಪರವಾಗಿ ಬಂದೂಕು ಹಿಡಿದವರು ಊರೂರು ತಿರುಗುತ್ತಿದ್ದರು. ಎರಡು ಸಲ ನಮ್ಮ ಅಂಗಳಕ್ಕೂ ಬಂದು, ಮಗ ಎಲ್ಲಿ ಎಂದು ಮಾವನನ್ನು ಕೇಳಿ ಹೋಗಿದ್ದರು. ಅಂದಿನಿಂದ ನಾನು ನಾಯಿ ಬೊಗಳಿದರೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಮತ್ತೆ ಬಂದರೆ ದೋಣಿ ಹತ್ತಿ ಆಚೆ ದಂಡೆಗೆ ಹೋಗುವುದೆಂದು ಮಾವ ಹೇಳಿಕೊಟ್ಟಿದ್ದರು. ನನಗಿದ್ದ ಧೈರ್ಯ ಅದೊಂದೇ.

ಚೌತಿ ಮುಗಿದ ವಾರ ಬಿರುಗಾಳಿ ಬೀಸಿ ಆ ಧೈರ್ಯವೂ ಹೋಯಿತು. ಮಧ್ಯಾಹ್ನವೇ ಕತ್ತಲಾಗಿ, ಗಾಳಿಗೆ ದಂಡೆಯ ದೊಡ್ಡ ಜಾಲಿಮರ ಬುಡಸಮೇತ ಕಿತ್ತುಬಂದು ದೋಣಿಯ ಮೇಲೆ ಬಿತ್ತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಬಲಮಗ್ಗುಲಿನ ಎರಡು ಹಲಗೆ ಸೀಳಿದ್ದವು. ಒಳಗೆ ಪಕ್ಕೆಲುಬಿನ ಹಾಗೆ ಬಾಗಿದ್ದ ಮರ ಮುರಿದಿತ್ತು. ಮಾವ ಕೆಸರಿನಲ್ಲಿ ನಿಂತು ಆ ಸೀಳಿನೊಳಗೆ ಕೈ ಹಾಕಿ ನೋಡಿದರು.

ದೋಣಿ ಕಟ್ಟಲು ಬರುತ್ತಿದ್ದವರು ನಮ್ಮ ಭಾಗದಲ್ಲಿ ಒಬ್ಬರೇ. ಒಂದು ಹರದಾರಿ ಮೇಲಿನ ಹಳ್ಳಿಯ ಮುಸಲ್ಮಾನ ಬಡಗಿ. ಎಲ್ಲರಿಗೂ ಚಾಚಾ. ಹೇಳಿ ಕಳಿಸಿದ ಮರುದಿನವೇ ಬಾಚಿ, ಗರಗಸ ಚೀಲಕ್ಕೆ ಹಾಕಿಕೊಂಡು ಬಂದರು. ಊರವರನ್ನು ಕರೆದು ದೋಣಿಯನ್ನು ದಂಡೆಗೆ ಎಳೆಸಿ, ನಾಲ್ಕು ದಿಮ್ಮಿಗಳ ಮೇಲೆ ಬೋರಲು ಹಾಕಿಸಿದರು. ದೋಣಿ ಮುರಿದ ಅದೇ ಜಾಲಿಮರದ ಬಾಗಿದ ಕೊಂಬೆಯೊಂದನ್ನು ಆರಿಸಿ, "ಮುರದ್ದು ಇದಽ, ಕೂಡಸೂದೂ ಇದಽ" ಎಂದು ನಕ್ಕರು. ಎಂಟು ದಿನದ ಕೆಲಸ ಎಂದರು. ಬೆಳಿಗ್ಗೆ ಬಂದು ಸಂಜೆಗೆ ತಮ್ಮ ಊರಿಗೆ ಹೋಗುತ್ತಿದ್ದರು.

ಐದನೆಯ ದಿನ ವಿಮಾನಗಳು ಹಾರಿದವು. ದೂರದಲ್ಲಿ ಗುಡುಗಿನಂತೆ ಸದ್ದಾಯಿತು; ಆಕಾಶದಲ್ಲಿ ಮೋಡವಿರಲಿಲ್ಲ. ಎರಡು ದಿನಕ್ಕೆ ಸುದ್ದಿ ಬಂತು. ಮಿಲಿಟ್ರಿ ಬೀದರಿಗೆ ಬಂದಿದೆ, ಬಂದೂಕಿನವರು ಓಡಿಹೋಗಿದ್ದಾರೆ, ನಿಜಾಮ ಸೋತ. ಊರಲ್ಲಿ ಬೆಲ್ಲ ಹಂಚಿದರು. ನನಗೆ ಮೈ ಹಗುರಾಗಿ ಕಣ್ಣಲ್ಲಿ ನೀರು ಬಂತು.

ಅದೇ ಹೊತ್ತಿಗೆ ಚಾಚಾನ ಕೈಯಲ್ಲಿದ್ದ ಬಾಚಿ ನಿಂತಿತು. "ಅಣ್ಣಾ, ನಾ ಮನಿಗಿ ಹೋಗ್ತೇನಿ. ಮನ್ಯಾಗ ಆಕಿ ಒಬ್ಬಾಕಿನೇ ಅದಾಳ, ಕೂಸಿನ್ನ ಕಟಗೊಂಡು" ಎಂದರು.

ಮಾವ ಅವರ ರಟ್ಟೆ ಹಿಡಿದರು. "ಹುಚ್ಚೇನು ನಿನಗ? ಗಡ್ಡಾ ನೋಡಿದರ ಹಾದ್ಯಾಗೇ ಕಡೀತಾರ. ಕೆಳಗಿನ ಊರಾಗ ಶುರು ಆಗೇದಂತ."

ಓಡಿಹೋದ ಬಂದೂಕಿನವರ ಮೇಲಿನ ಸಿಟ್ಟನ್ನು ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುವ ಗುಂಪುಗಳು ಎದ್ದಿದ್ದವು. ಬಂದೂಕಿನವರ ಜೊತೆ ಚಾಚಾ ಒಂದು ದಿನವೂ ನಿಂತವರಲ್ಲ. ಕೇಳುವವರು ಯಾರು?

ಮಾವ ನನ್ನ ಕಡೆ ತಿರುಗಿದರು. "ಯವ್ವಾ, ನೀ ಹೋಗಿ ಅವರನ್ನ ಕರಕೊಂಡು ಬರ್ತಿ ಏನು?"

ಹೋಗುತ್ತೇನೆ ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಚಾಚಾನ ಮುಖ ನೋಡಿಕೊಂಡು ಒಲ್ಲೆ ಎನ್ನಲು ಆಗಲಿಲ್ಲ.

ಹೆಸರುಕಾಯಿ ಬಿಡಿಸುವವರ ಹಾಗೆ ಬುಟ್ಟಿ ಹೊತ್ತು, ಅದರೊಳಗೆ ಒಂದಿಷ್ಟು ಕಾಯಿ ಕಿತ್ತು ಹಾಕಿಕೊಂಡು, ಹೊಲಗಳಲ್ಲೇ ಹಾದುಹೋದೆ. ಚಾಚಾನ ಹೆಂಡತಿ ಬಾಗಿಲಿಗೆ ಒಳಗಿಂದ ಕಲ್ಲು ಆನಿಸಿ ಕುಳಿತಿದ್ದಳು. ನಾನು ಯಾರೆಂದು ಹೇಳಿದರೂ ತೆಗೆಯಲಿಲ್ಲ. ಚಾಚಾ ಕೊಟ್ಟು ಕಳಿಸಿದ್ದ ತಾಯಿತವನ್ನು ಬಾಗಿಲ ಸಂದಿಯಿಂದ ತೂರಿಸಿದ ಮೇಲೆ ಕಲ್ಲು ಸರಿಯಿತು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಸೊಂಟದ ಮೇಲೆ ಮೂರು ವರ್ಷದ ಹೆಣ್ಣು ಕೂಸು. ಬುಟ್ಟಿಯಲ್ಲಿ ತಂದಿದ್ದ ನನ್ನ ಸೀರೆ ಉಡಿಸಿದೆ. ಹಣೆಗೆ ಕುಂಕುಮ ಹಚ್ಚುವಾಗ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಅರ್ಧ ಹಾದಿಯಲ್ಲಿ, ತೊಗರಿ ಹೊಲದ ಬದುವಿನ ಮೇಲೆ ಐದಾರು ಜನ ಎದುರಾದರು. ಕೈಯಲ್ಲಿ ಕೊಡಲಿ, ಬಡಿಗೆ. ನಮ್ಮ ಊರಿನವರಲ್ಲ.

"ಯಾರವ್ವಾ ನೀವು? ಎಲ್ಲಿಗಿ ಹೊಂಟೀರಿ?"

"ಅಂಬಿಗರ ಮನಿಯವರ್ರೀ. ಇಕಿ ನಮ್ಮ ನೆಗೆಣ್ಣಿ. ಕಾಯಿ ಬಿಡಸಾಕ ಹೋಗಿದ್ವಿ" ಎಂದೆ. ಓರಗಿತ್ತಿ ಎಂಬ ಸುಳ್ಳು ಹೇಗೋ ಬಾಯಿಗೆ ಬಂತು.

ಆಗ ಕೂಸು ತಾಯಿಯ ಮುಖ ತನ್ನ ಕಡೆ ತಿರುಗಿಸಿಕೊಂಡು, "ಅಮ್ಮೀ..." ಎಂದಿತು. ಮುಂದಿನ ಮಾತು ಉರ್ದುವಿನಲ್ಲಿ ಬರುತ್ತದೆಂದು ನನಗೆ ಗೊತ್ತಿತ್ತು. ಬುಟ್ಟಿಯಿಂದ ಹೆಸರುಕಾಯಿ ತೆಗೆದು ಅದರ ಬಾಯಿಗೆ ತುರುಕಿ, "ತಿನ್ನು, ಸುಮ್ಮನ ತಿನ್ನು, ಹಟಾ ಭಾಳ ಆಗೇದ ನಿಂದು" ಎಂದು ಗದರಿದೆ. ಕೂಸು ಬೆದರಿ ಅಗಿಯತೊಡಗಿತು. ಕೊಡಲಿಯವನು ಒಂದು ಕ್ಷಣ ನೋಡಿ ಬದು ಬಿಟ್ಟು ಇಳಿದ. ಮನೆ ಸೇರುವವರೆಗೂ ನಾನು ಹಿಂದಿರುಗಿ ನೋಡಲಿಲ್ಲ. ಅವಳ ಮಣಿಕಟ್ಟು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಲ್ಲಿ ನನ್ನ ಬೆರಳುಗಳ ಗುರುತು ಮೂಡಿತ್ತು.

ತಾಯಿ ಮಗಳನ್ನು ಒಳಗೆ ಜೋಳದ ಚೀಲಗಳ ಹಿಂದೆ ಕೂರಿಸಿದೆವು. ಹೊಳೆಯಾಚೆ, ಠಾಣಾ ಕುಶನೂರಿಗೆ ಹೋಗುವ ಹಾದಿಯ ಒಂದು ಹಳ್ಳಿಯಲ್ಲಿ ಅಲ್ಲಿಯ ಗೌಡರು ಇಂಥ ಕುಟುಂಬಗಳನ್ನು ತಮ್ಮ ವಾಡೆಯೊಳಗೆ ಇಟ್ಟುಕೊಂಡಿದ್ದಾರೆಂದು ಮಾವನಿಗೆ ತಿಳಿದಿತ್ತು. ಆದರೆ ದೋಣಿ ಇನ್ನೂ ಮುಗಿದಿರಲಿಲ್ಲ. ಮೊಳೆ ಹೊಡೆಯಲು ಇಬ್ಬರು ಬೇಕು. ಒಬ್ಬ ಹೊರಗಿಂದ ಹೊಡೆಯಬೇಕು, ಒಬ್ಬ ಒಳಗಿಂದ ಅದರ ಮೊನೆ ಮಡಚಬೇಕು. ಚಾಚಾ ಬೋರಲು ದೋಣಿಯ ಕೆಳಗೆ ತೂರಿಕೊಂಡರು. ಮಾವ ಹೊರಗೆ ಸುತ್ತಿಗೆ ಹಿಡಿದರು. ನಾನು ದಿಮ್ಮಿಗಳ ಸಂದಿಗೆ ಗೋಣಿತಟ್ಟು ಇಳಿಬಿಟ್ಟು, ಪಕ್ಕದಲ್ಲೇ ಒಲೆ ಹೂಡಿ ರಾಳ ಮತ್ತು ಎಣ್ಣೆ ಕುದಿಸುತ್ತ ಕುಳಿತೆ. ಅದರಲ್ಲಿ ಹತ್ತಿ ಅದ್ದಿ ಹಲಗೆಯ ಸಂದಿಗೆ ತುಂಬಬೇಕಿತ್ತು.

ಮರುದಿನ ಮಧ್ಯಾಹ್ನ ಅವರು ಬಂದರು. ಬದುವಿನ ಮೇಲೆ ಕಂಡವರೇ, ಈಗ ಹತ್ತು ಜನ. ಒಬ್ಬ ಬಂದವನೇ ದೋಣಿಯ ಬೆನ್ನ ಮೇಲೆ ಕುಳಿತ.

"ಆ ಬಡಗಿ ಎಲ್ಲಿ?"

"ಸುದ್ದಿ ಬಂದ ದಿನಾನೇ ಓಡಿಹ್ವಾದ್ರಿ" ಎಂದರು ಮಾವ, ಸುತ್ತಿಗೆ ನಿಲ್ಲಿಸದೆ. "ಅರ್ಧಾ ಬಿಟ್ಟು ಹೋಗ್ಯಾನ. ನಾನೇ ಬಡ್ಕೋತ ಕುಂತೇನಿ ನೋಡ್ರಿ."

"ನಾಳಿ ಮಧ್ಯಾಹ್ನಕ್ಕ ನಾವು ಆಚಿಗಿ ಹೋಗಬೇಕು. ತಯಾರ್ ಇರಬೇಕು."

"ಆಗಲ್ರಿ."

ಮಾವ ಹೊಡೆಯುತ್ತಲೇ ಇದ್ದರು. ಒಂದು ಮೊಳೆ, ಇನ್ನೊಂದು ಮೊಳೆ. ನಿಲ್ಲಿಸಿದರೆ ಕೆಳಗಿನ ಉಸಿರು ಕೇಳಿಸೀತು ಎಂಬ ಅಂಜಿಕೆ ಅವರಿಗೆ. ರಾಳದ ಹೊಗೆ ಗೋಣಿತಟ್ಟಿನ ಕಡೆಗೇ ಹೋಗುತ್ತಿತ್ತು. ಚಾಚಾಗೆ ಬೀಡಿಯ ಕೆಮ್ಮು. ನಾನು ಸೌಟು ತಿರುಗಿಸುತ್ತ ಗೋಣಿತಟ್ಟನ್ನೇ ನೋಡುತ್ತಿದ್ದೆ. ನೋಡಬಾರದೆಂದು ಹೊಳೆದು ಒಲೆಯ ಕಡೆ ನೋಡಿದೆ. ಅವರು ನೀರು ಕೇಳಿ ಕುಡಿದು ಹೊರಟರು.

ಅವರು ಊರಿನ ತಿರುವು ದಾಟಿದ ಮೇಲೆ ಮಾವ ತಟ್ಟು ಸರಿಸಿದರು. ಚಾಚಾ ಅಂಗಾತ ಮಲಗಿದ್ದರು. ಒಂದು ಕೈ ಬಾಯಿಯ ಮೇಲಿತ್ತು. ಇನ್ನೊಂದರ ಅಂಗೈ ಮೇಲಿನ ಹಲಗೆಗೆ ಅಂಟಿಕೊಂಡಿತ್ತು. ಮಾವ ಹೊಡೆದ ಮೊಳೆಗಳಲ್ಲಿ ಒಂದು ಹಲಗೆ ದಾಟಿ ಆ ಅಂಗೈಯೊಳಗೆ ಇಳಿದಿತ್ತು. ಗಡ್ಡಕ್ಕೆ ರಕ್ತ ತೊಟ್ಟಿಕ್ಕಿತ್ತು. ಅವರು ಚಕಾರ ಎತ್ತಿರಲಿಲ್ಲ.

ಮಾವ ಅಲ್ಲೇ ಕುಸಿದು ಹಣೆ ಬಡಿದುಕೊಂಡರು. "ಅಳಬ್ಯಾಡ ಅಣ್ಣಾ, ಮೊದಲ ಮೊಳಿ ಕೀಳು" ಎಂದರು ಚಾಚಾ. ಕಿತ್ತು, ಅರಿಸಿನ ಒತ್ತಿ ಕಟ್ಟಿದೆವು. ಉಳಿದ ಸಂದಿಗಳಿಗೆ ನಾನೇ ಹತ್ತಿ ತುಂಬಿದೆ. ಅವರು ಒಳಗಿಂದ ಎಲ್ಲೆಲ್ಲಿ ಬೆಳಕು ಕಾಣುತ್ತದೆ ಎಂದು ಹೇಳುತ್ತಿದ್ದರು.

ಹೊಸ ಹಲಗೆ ನೀರು ಕುಡಿದು ಉಬ್ಬಿದರೇ ಸಂದಿ ಮುಚ್ಚುವುದು. ಅದಕ್ಕೆ ಒಂದು ಹಗಲು ದೋಣಿಯನ್ನು ನೀರಿನಲ್ಲಿ ಮುಳುಗಿಸಿಡಬೇಕು. ನಮ್ಮ ಬಳಿ ಆ ಹಗಲು ಇರಲಿಲ್ಲ. ಬೆಳಕು ಹರಿಯುತ್ತಲೇ ನಾವು ನಾಲ್ವರೂ ಸೇರಿ ದೋಣಿಯನ್ನು ಮಗುಚಿ ನೆಟ್ಟಗೆ ಮಾಡಿ, ದಿಮ್ಮಿಗಳ ಮೇಲೆ ಉರುಳಿಸಿ ಅದನ್ನು ನೀರಿಗಿಳಿಸಿದೆವು. ಮಾವ ಹುಟ್ಟು ಹಾಕಿದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಡುನೀರಿಗೆ ಬರುವಷ್ಟರಲ್ಲಿ ಹೊಸ ಹಲಗೆಗಳ ನಡುವಿನಿಂದ ನೀರು ಚಿಮ್ಮತೊಡಗಿತು. ನಾನು ಕೊಡದಿಂದ ಮೊಗೆದು ಚೆಲ್ಲಿದೆ, ಚಾಚಾನ ಹೆಂಡತಿ ತಂಬಿಗೆಯಿಂದ. ಚಾಚಾ ತಮ್ಮ ರುಮಾಲನ್ನು ಬಿಚ್ಚಿ ಸಂದಿಗೆ ತುರುಕಿ, ಅದರ ಮೇಲೆ ಬೆನ್ನು ಒತ್ತಿ ಕುಳಿತರು. ನೀರು ಮೊಣಕಾಲಿಗೆ ಬಂದಾಗ ಆಚೆ ದಂಡೆಯ ಮರಳು ದೋಣಿಯ ತಳಕ್ಕೆ ತಾಗಿತು.

ಅವರು ಜಾಲಿಗಿಡಗಳ ನಡುವೆ ಮರೆಯಾಗುವವರೆಗೂ ನಿಂತು, ಮತ್ತೆ ನೀರು ಮೊಗೆಯುತ್ತ ಮರಳಿದೆವು. ಮಧ್ಯಾಹ್ನ ಆ ಗುಂಪು ಬಂದು, ದೋಣಿಯೊಳಗೆ ನಿಂತ ನೀರು ನೋಡಿ ಮಾವನ ಕೆನ್ನೆಗೆ ಹೊಡೆದು ಹೊರಟುಹೋಯಿತು. ನನ್ನ ಗಂಡ ದೀಪಾವಳಿಯ ಹೊತ್ತಿಗೆ ಮನೆಗೆ ಬಂದ. ನಡೆದದ್ದನ್ನು ಕೇಳಿ, ಊಟದ ತಾಟಿನ ಮುಂದೆ ತಲೆ ತಗ್ಗಿಸಿ ಕುಳಿತ.

ಚಾಚಾ ತಮ್ಮ ಊರಿಗೆ ಮರಳಲಿಲ್ಲ. ಬೀದರದ ಚಿದ್ರಿಯಲ್ಲಿ ಬಾಗಿಲು ಚೌಕಟ್ಟು ಮಾಡುತ್ತಾರೆಂದು ಕೇಳಿದ್ದೆ. ಬಹಳ ವರ್ಷಗಳ ಮೇಲೆ ಹುಡುಕಿಕೊಂಡು ಹೋದಾಗ ಅವರು ತೀರಿಹೋಗಿದ್ದರು. ಹೆಂಡತಿ ಇದ್ದಳು. ಚಹಾ ಕೊಟ್ಟು ಪಕ್ಕದಲ್ಲಿ ಕುಳಿತಳು.

"ಆವತ್ತ ಹೊಲದಾಗ ನಿನಗ ಭಾಳ ಅಂಜಿಕಿ ಆಗಿತ್ತಲ್ಲಾ, ಆ ಮಂದಿ ಕಂಡಾಗ?" ಎಂದು ಕೇಳಿದೆ.

"ಅವರದ್ದಲ್ಲವ್ವಾ" ಎಂದಳು. "ನಿಂದು. ನೀ ನನ್ನ ಕೈ ಬಿಡಲಾರದ ಎಳಕೊಂಡು ನಡದಿದ್ದಿ. ಹೊಳಿಗಿ, ಗಂಡನ ಕಡಿಗಿ ಒಯ್ಯಾಕತ್ತಾಳೋ, ಅವರ ಕೈಯಾಗ ಕೊಡಾಕ ಒಯ್ಯಾಕತ್ತಾಳೋ, ನಂಗೇನು ಗೊತ್ತಿತ್ತು?"

ನಾನು ಅವಳ ಮಣಿಕಟ್ಟಿನ ಕಡೆ ನೋಡಿದೆ. ಅವಳು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು.